ಮೆದುಳಿನ ಸೂಕ್ಷ್ಮ ರಚನೆಗೂ ಶಕ್ತಿಯ ಬಳಕೆಗೂ ಇರುವ ನಂಟನ್ನು ಎಂಆರ್‌ಐನಲ್ಲಿ ಅಳೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ 2ರಷ್ಟು. ಸುಮ್ಮನೆ ಮಲಗಿದ್ದಾಗ ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಶೇ 20ರಷ್ಟು. ಈ ಖರ್ಚು ಯಾವ ಅಂಗಾಂಶದ್ದು? ಕೋಶಗಳು ಒತ್ತೊತ್ತಾಗಿರುವ ಕಡೆ ಆಮ್ಲಜನಕ ಹೆಚ್ಚು ಉರಿಯುತ್ತದೆಯೇ? ಒಂದೇ ಸ್ಕ್ಯಾನಿಂಗ್ ಅವಧಿಯಲ್ಲಿ ಕೋಶರಚನೆಯ ನಕ್ಷೆ, ಆಮ್ಲಜನಕ ಬಳಕೆಯ ನಕ್ಷೆ ಎರಡನ್ನೂ ತೆಗೆದರೆ ಇದನ್ನು ಬದುಕಿರುವ ಮನುಷ್ಯರಲ್ಲೇ ಕೇಳಬಹುದು.

ಮೊದಲೇ ಒಂದು ಎಚ್ಚರಿಕೆ. ಎರಡು ನಕ್ಷೆಗಳ ನಡುವೆ ನಂಟು ಸಿಗುವುದು ಸುಲಭ. ಸಿಕ್ಕ ನಂಟು ಅಂಗಾಂಶದ್ದೋ, ಎರಡೂ ಅಳತೆಗಳೊಳಗೆ ಒಟ್ಟಿಗೆ ನುಸುಳಿದ ದೋಷದ್ದೋ ಎಂದು ಬಿಡಿಸಿ ನೋಡುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸವಿದೆ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಅದಕ್ಕಾಗಿಯೇ ಇವೆ. ಇಲ್ಲಿರುವ ಸಂಖ್ಯೆಗಳು 3 ಟೆಸ್ಲಾ ಯಂತ್ರಕ್ಕೆ ಮತ್ತು ಆರೋಗ್ಯವಂತ ವಯಸ್ಕರಿಗೆ ಅನ್ವಯಿಸುತ್ತವೆ.

ಹಂತ 1: ಶಕ್ತಿಯ ಕಡೆಯ ಅಳತೆಯನ್ನು ಆರಿಸಿಕೊಳ್ಳಿ

ಎಂಆರ್‌ಐ ಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ನಮಗೆ ಸಿಗುವುದು ಆಮ್ಲಜನಕ ಬಳಕೆಯ ದರ, ಅಂದರೆ ಸಿಎಂಆರ್‌ಒ2. ಅದಕ್ಕೆ ಮೂರು ಅಂಶ ಬೇಕು:

ಸಿಎಂಆರ್‌ಒ2 = ರಕ್ತದ ಹರಿವು × ಅಂಗಾಂಶ ಹೀರಿಕೊಂಡ ಆಮ್ಲಜನಕದ ಪಾಲು × ಅಪಧಮನಿ ರಕ್ತದಲ್ಲಿರುವ ಆಮ್ಲಜನಕ

ಒಂದು ಲೆಕ್ಕ ಮಾಡಿ ನೋಡೋಣ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 15 ಗ್ರಾಂ, ಶುದ್ಧ ರಕ್ತದ ಆಮ್ಲಜನಕ ಮಟ್ಟ ಶೇ 98 ಎಂದುಕೊಳ್ಳಿ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿ.ಲೀ. ಆಮ್ಲಜನಕ ಹೊರುತ್ತದೆ. 1.34 × 15 × 0.98, ಅಂದರೆ ಡೆಸಿಲೀಟರಿಗೆ 19.7 ಮಿ.ಲೀ. ಇದನ್ನು ಮೋಲ್‌ಗೆ ತಿರುಗಿಸಿದರೆ ಮಿ.ಲೀ.ಗೆ ಸುಮಾರು 8.8 ಮೈಕ್ರೊಮೋಲ್. ಮೆದುಳಿನಿಂದ ಹಿಂದಿರುಗುವ ರಕ್ತದ ಮಟ್ಟ ಶೇ 62 ಇದ್ದರೆ ಹೀರಿದ ಪಾಲು (98 − 62) ÷ 98, ಅಂದರೆ 0.37. ಇಡೀ ಮೆದುಳಿನ ಹರಿವು 100 ಗ್ರಾಂಗೆ ನಿಮಿಷಕ್ಕೆ 55 ಮಿ.ಲೀ. ಆದರೆ ಸಿಎಂಆರ್‌ಒ2 ಸುಮಾರು 178 ಮೈಕ್ರೊಮೋಲ್. ಇಡೀ ಮೆದುಳಿಗೆ 150ರಿಂದ 180ರ ಆಸುಪಾಸು ಬಂದರೆ ಮುಂದುವರಿಯಿರಿ. 90 ಅಥವಾ 300 ಬಂದರೆ ಮೊದಲು ಅನುಮಾನಿಸಬೇಕಾದ್ದು ನಿಮ್ಮ ಲೆಕ್ಕವನ್ನು.

ರಕ್ತದ ಹರಿವಿಗೆ ಪಿಕಾಸಲ್ ಎಂಬ ಎಎಸ್‌ಎಲ್ ವಿಧಾನ ಬಳಸಿ. ಕುತ್ತಿಗೆಯಲ್ಲಿ ಹರಿಯುವ ರಕ್ತದ ನೀರನ್ನೇ ಕಾಂತೀಯವಾಗಿ ಗುರುತು ಮಾಡಿ, ಅದು ಮೆದುಳಿಗೆ ತಲುಪಿದ ಮೇಲೆ ಚಿತ್ರ ತೆಗೆಯುವ ವಿಧಾನ ಇದು. ಸೂಜಿ ಚುಚ್ಚುವ, ಔಷಧಿ ಕೊಡುವ ಅಗತ್ಯವಿಲ್ಲ. ಆಮ್ಲಜನಕ ಹೀರಿಕೆಗೆ ಸುಲಭದ ದಾರಿ ಟ್ರಸ್ಟ್. ತಲೆಯ ನಡುವೆ ಹಿಂದಕ್ಕೆ ಸಾಗುವ ಸುಪೀರಿಯರ್ ಸ್ಯಾಜಿಟಲ್ ಸೈನಸ್ ಎಂಬ ದೊಡ್ಡ ರಕ್ತನಾಳದಲ್ಲಿ ರಕ್ತದ ಟಿ2 (ಸಂಕೇತ ಕುಗ್ಗಿಹೋಗಲು ತಗಲುವ ಸಮಯ) ಅಳೆದು, ಅದರಿಂದ ಆಮ್ಲಜನಕ ಮಟ್ಟ ಪಡೆಯುತ್ತದೆ. ಒಂದೂಕಾಲು ನಿಮಿಷದಲ್ಲಿ ಮುಗಿಯುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಟ್ರಸ್ಟ್ ಕೊಡುವುದು ಇಡೀ ಮೆದುಳಿಗೆ ಒಂದೇ ಸಂಖ್ಯೆ. ಆ ಸಂಖ್ಯೆಯಿಂದ ಹರಿವಿನ ನಕ್ಷೆಯನ್ನು ಗುಣಿಸಿ ಬಂದದ್ದಕ್ಕೆ ‘ಸಿಎಂಆರ್‌ಒ2 ನಕ್ಷೆ’ ಎಂದು ಹೆಸರಿಟ್ಟರೂ ಅದರ ಏರಿಳಿತವೆಲ್ಲ ಹರಿವಿನದೇ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಮೆದುಳಿನಲ್ಲಿ ಹೀರಿಕೆಯ ಪಾಲು ಬಹುತೇಕ ಎಲ್ಲೆಡೆ ಸಮವಾಗಿರುತ್ತದೆ ಎಂಬುದು ಪೆಟ್ ಸ್ಕ್ಯಾನ್‌ಗಳಿಂದ ಗೊತ್ತಿರುವುದರಿಂದ ಈ ಅಂದಾಜು ತೀರಾ ಅಡ್ಡಿಯಿಲ್ಲ. ಆದರೆ ವರದಿಯಲ್ಲಿ ಅದನ್ನು ಹಾಗೆಂದೇ ಬರೆಯಬೇಕು.

ಪ್ರದೇಶವಾರು ಹೀರಿಕೆಯೇ ಬೇಕೆಂದರೆ ಎರಡು ದಾರಿಗಳಿವೆ. ಒಂದು, ಗಾಳಿಯಲ್ಲಿ ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆಸಿ ಒಮ್ಮೆ, ಆಮ್ಲಜನಕ ಹೆಚ್ಚಿಸಿ ಇನ್ನೊಮ್ಮೆ ಉಸಿರಾಡಿಸುತ್ತ ಎಎಸ್‌ಎಲ್ ಮತ್ತು ಬೋಲ್ಡ್ (ರಕ್ತದ ಆಮ್ಲಜನಕ ಮಟ್ಟಕ್ಕೆ ಸ್ಪಂದಿಸುವ ಚಿತ್ರ) ಒಟ್ಟಿಗೆ ತೆಗೆಯುವ ಕ್ಯಾಲಿಬ್ರೇಟೆಡ್ ಎಫ್‌ಎಂಆರ್‌ಐ. ಇದಕ್ಕೆ ಅನಿಲ ಮಿಶ್ರಣದ ವ್ಯವಸ್ಥೆ, ಉಸಿರಿನ ನಿಗಾ, ಪಕ್ಕದಲ್ಲೇ ವೈದ್ಯರು, ನೈತಿಕ ಸಮಿತಿಯ ಒಪ್ಪಿಗೆ ಎಲ್ಲವೂ ಬೇಕು. ಮಾಸ್ಕ್ ಹಾಕಿಸಿಕೊಂಡು ಕಂಗಾಲಾಗಿ ಅರ್ಧಕ್ಕೇ ಏಳುವವರೂ ಇರುತ್ತಾರೆ. ಎರಡನೆಯದು ಕ್ಯೂಬೋಲ್ಡ್ ಮತ್ತು ಕ್ಯೂಎಸ್‌ಎಂ ಬಗೆಯ, ಅಂದರೆ ಆಮ್ಲಜನಕ ಕಳೆದುಕೊಂಡ ರಕ್ತದ ಕಾಂತೀಯ ಪರಿಣಾಮದಿಂದ ಲೆಕ್ಕ ಹಾಕುವ, ಅನಿಲ ಬೇಡದ ವಿಧಾನಗಳು. ಇವುಗಳಲ್ಲಿ ರಕ್ತದ ಪ್ರಮಾಣ ಮತ್ತು ಹೀರಿಕೆಯ ಪಾಲು ಒಂದರೊಳಗೊಂದು ಬೆರೆತುಹೋಗುತ್ತವೆ, ಅಂಗಾಂಶದಲ್ಲಿರುವ ಕಬ್ಬಿಣ ಮತ್ತು ಮೈಲಿನ್ (ನರ ಎಳೆಗಳ ಕೊಬ್ಬಿನ ಹೊದಿಕೆ) ಕೂಡ ಸಂಕೇತದ ಮೇಲೆ ಪರಿಣಾಮ ಬೀರುತ್ತವೆ. ಸೂಕ್ಷ್ಮ ರಚನೆಗೆ ಹೋಲಿಸಲೆಂದು ತೆಗೆದ ನಕ್ಷೆಯೊಳಗೆ ಮೈಲಿನ್ ಮೊದಲೇ ಬಂದು ಕೂತಿದ್ದರೆ ನಂಟು ಸಿಗದೆ ಇನ್ನೇನಾಗುತ್ತದೆ? ಹೊಸದಾಗಿ ಶುರು ಮಾಡುವವರು ಪಿಕಾಸಲ್, ಟ್ರಸ್ಟ್ ಜೋಡಿಯಿಂದಲೇ ಆರಂಭಿಸುವುದು ಮೇಲು.

ಹಂತ 2: ರಚನೆಯ ಕಡೆಯ ಅಳತೆ ಮತ್ತು ನಿಮ್ಮ ಯಂತ್ರದ ತಾಕತ್ತು

ಸೂಕ್ಷ್ಮ ರಚನೆಯನ್ನು ಅಳೆಯುವುದು ಡಿಫ್ಯೂಷನ್ ಎಂಆರ್‌ಐ; ಅಂಗಾಂಶದಲ್ಲಿ ನೀರಿನ ಕಣಗಳು ಎಷ್ಟು ಚಲಿಸುತ್ತವೆ ಎಂಬುದನ್ನು ಅದು ನೋಡುತ್ತದೆ. ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ನಂಥ ಬೂದು ದ್ರವ್ಯಕ್ಕೆ (ಕೋಶಕಾಯಗಳಿರುವ ಭಾಗ) 2020ರಲ್ಲಿ ಪ್ರಕಟವಾದ ಸ್ಯಾಂಡಿ ಮಾದರಿ ಹೊಂದುತ್ತದೆ. ನೀರು ಮೂರು ಕಡೆ ಇದೆ ಎಂದು ಅದು ಭಾವಿಸುತ್ತದೆ: ಗೋಳಾಕಾರದ ಕೋಶಕಾಯದೊಳಗೆ, ಕಡ್ಡಿಯಂಥ ಆಕ್ಸಾನ್-ಡೆಂಡ್ರೈಟ್ ಎಳೆಗಳೊಳಗೆ, ಕೋಶಗಳ ಹೊರಗೆ. ಇದರಿಂದ ಕೋಶಕಾಯದ ಪಾಲು, ಎಳೆಗಳ ಪಾಲು, ಕೋಶಕಾಯದ ತ್ರಿಜ್ಯ, ಜೊತೆಗೆ ಎರಡು ಡಿಫ್ಯೂಷನ್ ದರಗಳು ಸಿಗುತ್ತವೆ. ಐದು ಅಜ್ಞಾತಗಳಿರುವುದರಿಂದ ಕನಿಷ್ಠ ಐದು ಬೇರೆ ಬೇರೆ ಬಿ-ಮೌಲ್ಯಗಳು (ನೀರಿನ ಚಲನೆಗೆ ಚಿತ್ರ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಬೇಕು, ಅವುಗಳಲ್ಲಿ ಕೆಲವು 3000 ದಾಟಿರಬೇಕು.

ಸಮಯವೂ ಮುಖ್ಯ. ಡಿಫ್ಯೂಷನ್ ಅವಧಿ ಸುಮಾರು 20 ಮಿಲಿಸೆಕೆಂಡ್ ಮೀರಿದಂತೆಲ್ಲ ಕೋಶಕಾಯದ ನೀರು ಎಳೆಗಳಿಗೆ, ಎಳೆಗಳ ನೀರು ಹೊರಕ್ಕೆ ಸೋರತೊಡಗುತ್ತದೆ. ಮಾದರಿಯ ಗೋಡೆಗಳೇ ಕುಸಿಯುತ್ತವೆ. ಹೀಗಾಗಿ ಗ್ರೇಡಿಯಂಟ್ ಬಲವೇ (ಕಾಂತಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಬದಲಿಸುವ ಯಂತ್ರದ ತಾಕತ್ತು) ಇಲ್ಲಿ ನಿರ್ಣಾಯಕ. ಕಾರ್ಡಿಫ್‌ನಲ್ಲಿರುವಂಥ ಕನೆಕ್ಟೋಮ್ ಯಂತ್ರದ ಬಲ ಮೀಟರಿಗೆ 300 ಮಿಲಿಟೆಸ್ಲಾ. ಅಂಥದ್ದರಲ್ಲಿ ಗ್ರೇಡಿಯಂಟ್ ಪಲ್ಸ್ 7 ಮಿಲಿಸೆಕೆಂಡ್, ಎರಡು ಪಲ್ಸ್‌ಗಳ ಅಂತರ 24 ಮಿಲಿಸೆಕೆಂಡ್ ಇಟ್ಟರೆ 6800ರವರೆಗಿನ ಬಿ-ಮೌಲ್ಯ ಸಿಗುತ್ತದೆ. ಬಿ-ಮೌಲ್ಯವು ಬಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದೇ ಸಮಯಗಳನ್ನು 80 ಮಿಲಿಟೆಸ್ಲಾ ಯಂತ್ರಕ್ಕೆ ಹಾಕಿ ನೋಡಿ: 490ರ ಹತ್ತಿರ ನಿಂತುಬಿಡುತ್ತದೆ. 6000 ಬೇಕೆಂದರೆ ಪಲ್ಸನ್ನು 21ಕ್ಕೆ, ಅಂತರವನ್ನು 37 ಮಿಲಿಸೆಕೆಂಡಿಗೆ ಎಳೆಯಬೇಕು. ಆಗ ಡಿಫ್ಯೂಷನ್ ಅವಧಿ 30 ಮಿಲಿಸೆಕೆಂಡ್ ಆಗುತ್ತದೆ, ಎಕೊ ಟೈಮ್ (ಸಂಕೇತ ಓದುವವರೆಗಿನ ಸಮಯ) 80 ದಾಟುತ್ತದೆ, ಸಂಕೇತ ಸೊರಗುತ್ತದೆ.

ಹಾಗಾದರೆ ಸಾಮಾನ್ಯ ಯಂತ್ರದವರು ಏನು ಮಾಡಬೇಕು? ಸ್ಯಾಂಡಿ ಮಾಡಬಹುದು, ಆದರೆ ಸಿಕ್ಕ ಕೋಶಕಾಯದ ಪಾಲನ್ನು ಸಾಪೇಕ್ಷವಾಗಿ ಮಾತ್ರ ಓದಬೇಕು; 300 ಮಿಲಿಟೆಸ್ಲಾ ಯಂತ್ರದ ಸಂಖ್ಯೆಗಳ ಪಕ್ಕದಲ್ಲಿಡಬಾರದು. 700 ಮತ್ತು 2000 ಬಿ-ಮೌಲ್ಯಗಳಲ್ಲೇ ಮುಗಿಯುವ ನಾಡ್ಡಿ ಎಂಬ ಮಾದರಿ ಇನ್ನೊಂದು ದಾರಿ. ಆದರೆ ಅದು ಕೋಶಕಾಯವನ್ನು ಬೇರೆಯಾಗಿ ಗುರುತಿಸುವುದಿಲ್ಲ, ಡಿಫ್ಯೂಷನ್ ದರವನ್ನು ಮಿಲಿಸೆಕೆಂಡಿಗೆ 1.7 ಚದರ ಮೈಕ್ರಾನ್‌ಗೆ ಕಟ್ಟಿಹಾಕಿ ಲೆಕ್ಕ ಮಾಡುತ್ತದೆ. ಬಿಳಿ ದ್ರವ್ಯಕ್ಕೆ (ನರ ಎಳೆಗಳ ಭಾಗ) ಸರಿ. ಕಾರ್ಟೆಕ್ಸ್‌ನಲ್ಲಿ ಅದರ ಮೇಲೆ ಹೆಚ್ಚು ಭಾರ ಹಾಕಬೇಡಿ.

ಹಂತ 3: ಸ್ಕ್ಯಾನ್‌ಗೆ ಮುನ್ನ

ಹಿಮೋಗ್ಲೋಬಿನ್ ಮತ್ತು ಹೆಮಾಟೊಕ್ರಿಟ್‌ಗಾಗಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಪಾಶ್ಚಾತ್ಯ ಪ್ರೊಟೊಕಾಲ್‌ಗಳನ್ನು ಹಾಗೇ ನಕಲು ಮಾಡಿದರೆ ಹೆಮಾಟೊಕ್ರಿಟ್ 0.42 ಎಂದು ಊಹಿಸಿಕೊಂಡು ಮುಂದೆ ಹೋಗುವ ಅಪಾಯವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಭಾರತದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 10 ಗ್ರಾಂ ಇರುವವರ ರಕ್ತದಲ್ಲಿ ಆಮ್ಲಜನಕ ಮಿ.ಲೀ.ಗೆ 5.9 ಮೈಕ್ರೊಮೋಲ್ ಮಾತ್ರ, 8.8 ಎಂದು ಊಹಿಸಿದರೆ ಅಲ್ಲೇ ಒಂದೂವರೆ ಪಟ್ಟು ತಪ್ಪು. ತಪ್ಪು ಅಲ್ಲಿಗೆ ನಿಲ್ಲುವುದಿಲ್ಲ. ತೆಳು ರಕ್ತದ ಟಿ1 (ಕಾಂತೀಯ ಗುರುತು ಮಾಸಲು ಬೇಕಾದ ಸಮಯ) ಉದ್ದವಾಗಿರುವುದರಿಂದ ಹರಿವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಟಿ2 ಕೂಡ ಉದ್ದವಾಗಿ, ಟ್ರಸ್ಟ್ ಹೀರಿಕೆಯನ್ನು ಕಡಿಮೆ ತೋರಿಸುತ್ತದೆ. ಒಂದು ಟ್ಯೂಬ್ ರಕ್ತ ಈ ಮೂರನ್ನೂ ಸರಿಪಡಿಸುತ್ತದೆ. ಸಿಕಲ್ ಸೆಲ್ ರೋಗ ಇರುವವರ ರಕ್ತಕ್ಕೆ ಟಿ2 ಪರಿವರ್ತನೆಯ ಸೂತ್ರವೇ ಬೇರೆ.

ಕಾಫಿಗೆ ನಿರ್ಬಂಧ ಹಾಕಿ. ಒಂದೆರಡು ಲೋಟ ಗಟ್ಟಿ ಫಿಲ್ಟರ್ ಕಾಫಿಯಲ್ಲಿರುವಷ್ಟು ಕೆಫೀನ್ ಮೆದುಳಿನ ರಕ್ತದ ಹರಿವನ್ನು ಶೇ 20ರಿಂದ 30ರಷ್ಟು ಇಳಿಸಬಲ್ಲದು. ಆಗ ಹೀರಿಕೆಯ ಪಾಲು ಏರಿ ಆಮ್ಲಜನಕ ಬಳಕೆ ಹೆಚ್ಚು ಬದಲಾಗದಿದ್ದರೂ, ಹರಿವಿನ ನಕ್ಷೆಯನ್ನಷ್ಟೇ ನೋಡುವವರು ಮೋಸಹೋಗುತ್ತಾರೆ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಹರಿವು ಉಲ್ಟಾ ಏರುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ನಿಯಮ ಇಡಿ, ದಿನಕ್ಕೆಷ್ಟು ಕುಡಿಯುತ್ತಾರೆಂದು ಬರೆದುಕೊಳ್ಳಿ.

ಉಸಿರಿನ ಇಂಗಾಲದ ಡೈಆಕ್ಸೈಡ್ ಒಂದು ಮಿ.ಮೀ. ಪಾದರಸದಷ್ಟು ಏರಿದರೆ ಹರಿವು ಶೇ 3ರಿಂದ 5ರಷ್ಟು ಏರುತ್ತದೆ. ಮೂಗಿನ ನಳಿಕೆಯಿಂದ ಅದನ್ನು ದಾಖಲಿಸಿ. ಮಲಗಿದವರು ನಿದ್ದೆ ಹೋಗದಂತೆ ನೋಡಿಕೊಳ್ಳಿ; ನಿದ್ದೆಯಲ್ಲಿ ಆಮ್ಲಜನಕ ಬಳಕೆಯೇ ಇಳಿಯುತ್ತದೆ.

ಹಂತ 4: ಸ್ಕ್ಯಾನ್, ಇದೇ ಕ್ರಮದಲ್ಲಿ

ಡಿಫ್ಯೂಷನ್ ಸ್ಕ್ಯಾನನ್ನು ಕೊನೆಗಿಡಿ. ಹೆಚ್ಚಿನ ಬಿ-ಮೌಲ್ಯದ ಸ್ಕ್ಯಾನ್ ಯಂತ್ರದ ಲೋಹಭಾಗಗಳನ್ನು ಬಿಸಿ ಮಾಡಿ ಆವರ್ತನವನ್ನು ಸರಿಸುತ್ತದೆ. ಪಿಕಾಸಲ್ ಗುರುತು ಹಾಕುವ ಕ್ರಿಯೆಗೆ ಆವರ್ತನ ದೋಷ ಎಂದರೆ ಆಗದು.

ಟಿ1 ಚಿತ್ರ (ಮೆದುಳಿನ ರಚನೆ ತೋರಿಸುವುದು): 1 ಮಿ.ಮೀ. ವಾಕ್ಸೆಲ್ (ಚಿತ್ರದ ಘನಾಕಾರದ ಚುಕ್ಕೆ), ಸುಮಾರು 5 ನಿಮಿಷ.

ಪಿಕಾಸಲ್: ಗುರುತು ಹಾಕುವ ಅವಧಿ 1800 ಮಿಲಿಸೆಕೆಂಡ್. ನಂತರದ ಕಾಯುವಿಕೆ 70 ವರ್ಷದೊಳಗಿನ ಆರೋಗ್ಯವಂತರಿಗೆ 1800, ಹಿರಿಯರಿಗೂ ರೋಗಿಗಳಿಗೂ 2000. ಹಿನ್ನೆಲೆ ಸಂಕೇತ ತಗ್ಗಿಸುವ ಪಲ್ಸ್‌ಗಳು, ಮೂರು ಆಯಾಮದ ರೀಡ್‌ಔಟ್, ಐದಾರು ನಿಮಿಷ. ಹಿನ್ನೆಲೆ ತಗ್ಗಿಸದ, ಗುರುತು ಹಾಕದ ಎಂ0 ಚಿತ್ರವನ್ನು ಬೇರೆಯಾಗಿ ತೆಗೆಯಿರಿ. ಇದನ್ನು ಮರೆತರೆ ಹರಿವನ್ನು ಮಿ.ಲೀ.ಗಳಲ್ಲಿ ಹೇಳಲು ದಾರಿಯೇ ಇಲ್ಲ. ಗುರುತು ಹಾಕುವ ಸಮತಲವು ಕುತ್ತಿಗೆಯ ರಕ್ತನಾಳಗಳು ನೇರವಾಗಿರುವ ಜಾಗದಲ್ಲಿ, ಅವುಗಳಿಗೆ ಲಂಬವಾಗಿ ಇರಲಿ.

ಟ್ರಸ್ಟ್: ಎಕೊ ಸಮಯಗಳು 0, 40, 80, 160 ಮಿಲಿಸೆಕೆಂಡ್. ಎರಡು ಬಾರಿ ತೆಗೆದು ಹೋಲಿಸಿ.

ಫೇಸ್ ಕಾಂಟ್ರಾಸ್ಟ್ (ರಕ್ತದ ವೇಗ ಅಳೆಯುವ ಸ್ಕ್ಯಾನ್): ಎರಡು ಕೆರೋಟಿಡ್, ಎರಡು ವರ್ಟಿಬ್ರಲ್ ಅಪಧಮನಿಗಳ ಒಟ್ಟು ಹರಿವು. ವೇಗದ ಮಿತಿಯನ್ನು ತೀರಾ ಕಡಿಮೆ ಇಟ್ಟರೆ ರಕ್ತನಾಳದ ನಡುವೆ ಬಿಳುಪು ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಮಿತಿ ಏರಿಸಿ ಮತ್ತೆ ತೆಗೆಯಿರಿ.

ಡಿಫ್ಯೂಷನ್ (300 ಮಿಲಿಟೆಸ್ಲಾ ಯಂತ್ರದಲ್ಲಿ): 2 ಮಿ.ಮೀ. ವಾಕ್ಸೆಲ್. ಬಿ-ಮೌಲ್ಯ 200 ಮತ್ತು 500ಕ್ಕೆ ತಲಾ 20 ದಿಕ್ಕು, 1200ಕ್ಕೆ 30, 2400, 4000, 6000ಕ್ಕೆ ತಲಾ 61. ನಡುನಡುವೆ ಹರಡಿದ 14 ಬಿ-ಶೂನ್ಯ (ಡಿಫ್ಯೂಷನ್ ಗ್ರೇಡಿಯಂಟ್ ಇಲ್ಲದ) ಚಿತ್ರಗಳು ಸೇರಿ 267. ಒಂದಕ್ಕೆ 3 ಸೆಕೆಂಡಿನಂತೆ 13 ನಿಮಿಷ ದಾಟುತ್ತದೆ. ವಿರುದ್ಧ ಫೇಸ್ ಎನ್‌ಕೋಡಿಂಗ್ ದಿಕ್ಕಿನ ಬಿ-ಶೂನ್ಯ ಚಿತ್ರಗಳನ್ನೂ ತೆಗೆಯಿರಿ. ಫೇಸ್ ಚಿತ್ರಗಳನ್ನು ಉಳಿಸುವ ಆಯ್ಕೆ ಇದ್ದರೆ ಖಂಡಿತ ಒತ್ತಿ. ಯಾಕೆಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಸಂಶೋಧಕರೊಬ್ಬರು ಕನ್ಸೋಲ್ ಮುಂದೆ ಕೂತು ಪಿಕಾಸಲ್ ವ್ಯವಕಲನ ಚಿತ್ರವನ್ನು ಅಲ್ಲೇ ನೋಡಬೇಕು. ಒಂದು ರಕ್ತನಾಳದ ಇಡೀ ಪ್ರದೇಶ ಕತ್ತಲಾಗಿದ್ದರೆ ಗುರುತು ಹಾಕಿದ್ದು ವಿಫಲವಾಗಿದೆ. ಸಮತಲ ಸರಿಸಿ ಮತ್ತೆ ತೆಗೆಯಿರಿ. ಅಂಗಾಂಶ ಮಂಕಾಗಿ ರಕ್ತನಾಳಗಳಲ್ಲಿ ಮಾತ್ರ ಹೊಳೆಯುವ ಚುಕ್ಕೆಗಳಿದ್ದರೆ ರಕ್ತ ಇನ್ನೂ ದಾರಿಯಲ್ಲಿದೆ. ಕಾಯುವ ಅವಧಿ ಸಾಲದು. ಮನೆಗೆ ಹೋದವರನ್ನು ವಾಪಸ್ ಕರೆಸುವುದು ಕಷ್ಟ.

ಹಂತ 5: ಸಂಸ್ಕರಣೆ

ಡಿಫ್ಯೂಷನ್‌ನಲ್ಲಿ ಕ್ರಮ ತಪ್ಪಬಾರದು. ಮೊದಲು ಎಂಆರ್‌ಟ್ರಿಕ್ಸ್ ತಂತ್ರಾಂಶದ ಗದ್ದಲ ತೆಗೆಯುವ ಹಂತ, ಆಮೇಲೆ ಗಿಬ್ಸ್ ಅಲೆಗಳ (ಅಂಚುಗಳ ಬಳಿ ಮೂಡುವ ಸುಳ್ಳು ಪಟ್ಟೆಗಳು) ತಿದ್ದುಪಡಿ, ಆಮೇಲೆ ಎಫ್‌ಎಸ್‌ಎಲ್ ತಂತ್ರಾಂಶದ ಟಾಪ್‌ಅಪ್ ಮತ್ತು ಎಡ್ಡಿ (ಚಿತ್ರದ ವಿರೂಪ, ತಲೆಯ ಅಲುಗಾಟ ಸರಿಪಡಿಸುವವು). ಎಡ್ಡಿಯನ್ನು ಮೊದಲು ಓಡಿಸಿದರೆ ಪಕ್ಕದ ವಾಕ್ಸೆಲ್‌ಗಳ ಗದ್ದಲ ಒಂದರೊಳಗೊಂದು ಕಲಸಿಹೋಗಿ, ಗದ್ದಲವನ್ನು ಗುರುತಿಸುವ ಲೆಕ್ಕವೇ ಕೆಡುತ್ತದೆ. ಪಾರ್ಷಿಯಲ್ ಫೂರಿಯೆ (ಡೇಟಾದ ಒಂದು ಭಾಗವನ್ನಷ್ಟೇ ಪಡೆಯುವ ತಂತ್ರ) ಬಳಸಿದ್ದರೆ ಗಿಬ್ಸ್ ತಿದ್ದುಪಡಿ ಪೂರ್ತಿ ನಂಬುವಂತಿರುವುದಿಲ್ಲ. 300 ಮಿಲಿಟೆಸ್ಲಾ ಯಂತ್ರದಲ್ಲಿ ಗ್ರೇಡಿಯಂಟ್ ಕ್ಷೇತ್ರ ಅಂಚುಗಳಲ್ಲಿ ಬಾಗುವುದರಿಂದ ಬಿ-ಮೌಲ್ಯವನ್ನು ವಾಕ್ಸೆಲ್‌ವಾರು ತಿದ್ದಬೇಕು.

ಹೆಚ್ಚು ಬಿ-ಮೌಲ್ಯದ ಚಿತ್ರಗಳಲ್ಲಿ ಸಂಕೇತ ಗದ್ದಲದ ಮಟ್ಟಕ್ಕೆ ಇಳಿದಿರುತ್ತದೆ. ಮ್ಯಾಗ್ನಿಟ್ಯೂಡ್ ಚಿತ್ರದಲ್ಲಿ ಋಣ ಸಂಖ್ಯೆ ಇರದ ಕಾರಣ ಗದ್ದಲದ ಸರಾಸರಿ ಶೂನ್ಯವಾಗದೆ ಒಂದು ನೆಲ ಕಟ್ಟಿಕೊಳ್ಳುತ್ತದೆ. 61 ದಿಕ್ಕುಗಳ ಸರಾಸರಿ ತೆಗೆದರೂ ಆ ನೆಲ ಹೋಗುವುದಿಲ್ಲ. ಮಾದರಿ ಅದನ್ನು ‘ಎಲ್ಲೂ ಚಲಿಸದ ನೀರು’ ಎಂದು ಓದಿ ಕೋಶಕಾಯ ಅಥವಾ ಎಳೆಗಳ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಫೇಸ್ ಚಿತ್ರ ಉಳಿಸಿದ್ದರೆ ಸಂಕೀರ್ಣ ಸಂಖ್ಯೆಗಳ ಮೇಲೇ ಗದ್ದಲ ತೆಗೆದು ಇದರಿಂದ ಪಾರಾಗಬಹುದು. ಇಲ್ಲದಿದ್ದರೆ ಆ ನೆಲವನ್ನು ಕಳೆಯುವ ರೈಸಿಯನ್ ತಿದ್ದುಪಡಿಯನ್ನಾದರೂ ಮಾಡಿ. ಸ್ಯಾಂಡಿ ಲೆಕ್ಕಕ್ಕೆ ಅದರದೇ ಮ್ಯಾಟ್‌ಲ್ಯಾಬ್ ಟೂಲ್‌ಬಾಕ್ಸ್ ಇದೆ, ಅಮಿಕೊ ಎಂಬ ತಂತ್ರಾಂಶ ಕೂಡ ಇದೆ.

ಕೋಶಕಾಯದ ಪಾಲನ್ನು ಒಂದು ಗೋಳದ ಗಾತ್ರದಿಂದ ಭಾಗಿಸಿ ‘ಕೋಶಸಾಂದ್ರತೆ’ ಪಡೆಯುವ ರೂಢಿ ಇದೆ. ಪಾಲು 0.35, ತ್ರಿಜ್ಯ 10 ಮೈಕ್ರಾನ್ ಆದರೆ ಘನ ಮಿ.ಮೀ.ಗೆ ಸುಮಾರು 83,500 ಬರುತ್ತದೆ. ತ್ರಿಜ್ಯ 11 ಎಂದಾದರೆ 62,800. ಒಂದೇ ಒಂದು ಮೈಕ್ರಾನ್ ವ್ಯತ್ಯಾಸಕ್ಕೆ ಕಾಲು ಭಾಗ ಹೋಯಿತು! ತ್ರಿಜ್ಯ ಘನವಾಗಿ ಬರುವುದರಿಂದ ಹೀಗಾಗುತ್ತದೆ. ಪಾಲು ಮತ್ತು ತ್ರಿಜ್ಯಗಳನ್ನು ಬೇರೆ ಬೇರೆಯಾಗಿಯೂ ವರದಿ ಮಾಡಿ.

ಹರಿವಿನ ಲೆಕ್ಕಕ್ಕೆ ರಕ್ತದ ಟಿ1 1650 ಮಿಲಿಸೆಕೆಂಡ್ (ಹೆಮಾಟೊಕ್ರಿಟ್ ಗೊತ್ತಿದ್ದರೆ ಅದರಂತೆ ತಿದ್ದಿ), ಗುರುತು ಹಾಕುವ ದಕ್ಷತೆ 0.85, ಅಂಗಾಂಶ ಮತ್ತು ರಕ್ತದ ನಡುವೆ ನೀರಿನ ಹಂಚಿಕೆ ಹೇಳುವ ವಿಭಜನಾಂಕ 0.9. ಹಿನ್ನೆಲೆ ತಗ್ಗಿಸುವ ಪ್ರತಿ ಪಲ್ಸ್ ದಕ್ಷತೆಯನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಈ ಮೌಲ್ಯಗಳಲ್ಲಿ ವ್ಯತ್ಯಾಸ ಚಿತ್ರವು ಎಂ0ದ ಶೇ 0.65 ಇದ್ದರೆ ಹರಿವು 56 ಮಿ.ಲೀ. ಎಷ್ಟು ಸಣ್ಣ ಸಂಕೇತದ ಮೇಲೆ ಇಷ್ಟೆಲ್ಲ ನಿಂತಿದೆ ನೋಡಿ; ಒಂದೆರಡು ಜೋಡಿ ಚಿತ್ರಗಳಲ್ಲಿ ತಲೆ ಅಲುಗಿದರೂ ಸರಾಸರಿ ಹಾಳು. ದಕ್ಷತೆ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ ಫೇಸ್ ಕಾಂಟ್ರಾಸ್ಟ್‌ನಿಂದ ಸರಿದೂಗಿಸಿ. ಉದಾಹರಣೆಗೆ ನಾಲ್ಕೂ ರಕ್ತನಾಳಗಳ ಒಟ್ಟು ಹರಿವು 700 ಮಿ.ಲೀ., ಮೆದುಳಿನ ಗಾತ್ರ 1200 ಮಿ.ಲೀ. ಎಂದರೆ ಮಿ.ಲೀ.ಗೆ 1.06 ಗ್ರಾಂನಂತೆ ತೂಕ 1272 ಗ್ರಾಂ, ಸರಾಸರಿ ಹರಿವು 55. ಪಿಕಾಸಲ್ ಸರಾಸರಿ 44 ಇದ್ದರೆ ಇಡೀ ನಕ್ಷೆಯನ್ನು 1.25ರಿಂದ ಗುಣಿಸಿ.

ಹಂತ 6: ಎರಡನ್ನೂ ಒಂದೆಡೆ ತರುವುದು

ಮೊದಲು ಹೇಳಿದ ಜೋಡಿ ದೋಷ ಇಲ್ಲಿ ಕಾಣಿಸಿಕೊಳ್ಳುತ್ತದೆ. ಕಾರ್ಟೆಕ್ಸ್‌ನ ಸರಾಸರಿ ದಪ್ಪ 2.5 ಮಿ.ಮೀ.; ಎಎಸ್‌ಎಲ್ ವಾಕ್ಸೆಲ್ 3ರಿಂದ 4 ಮಿ.ಮೀ. ಪೂರ್ತಿ ಬೂದು ದ್ರವ್ಯದ ವಾಕ್ಸೆಲ್ ಸಿಗುವುದೇ ಅಪರೂಪ. ಬೂದು ದ್ರವ್ಯದ ಹರಿವು 60, ಕೋಶಕಾಯದ ಪಾಲು 0.40 ಎಂದಿಟ್ಟುಕೊಳ್ಳಿ. ವಾಕ್ಸೆಲ್‌ನ ಐದನೇ ಒಂದು ಭಾಗ ಮೆದುಳನ್ನು ಸುತ್ತುವರಿದ ಸಿಎಸ್‌ಎಫ್ ದ್ರವವಾದರೆ ಹರಿವು 48ಕ್ಕೆ ಇಳಿಯುತ್ತದೆ. ಕೋಶಕಾಯದ ಪಾಲೂ 0.32ಕ್ಕೆ ಇಳಿಯುತ್ತದೆ; ಸಿಎಸ್‌ಎಫ್‌ನ ಟಿ2 ಉದ್ದವಾಗಿರುವುದರಿಂದ ಸಂಕೇತದಲ್ಲಿ ಅದರ ತೂಕ ಜಾಸ್ತಿ, ಹಾಗಾಗಿ ನಿಜದಲ್ಲಿ ಇನ್ನೂ ಕೆಳಗೆ. ಅಂಗಾಂಶ ಎಲ್ಲೆಡೆ ಒಂದೇ ತೆರನಾಗಿದ್ದರೂ, ಕಾರ್ಟೆಕ್ಸ್ ತೆಳುವಾದ ಕಡೆ ಎರಡೂ ಇಳಿದು, ದಪ್ಪವಿದ್ದ ಕಡೆ ಎರಡೂ ಏರಿ, ‘ಕೋಶ ಹೆಚ್ಚಿದ್ದಲ್ಲಿ ಶಕ್ತಿ ಹೆಚ್ಚು’ ಎಂಬ ಸೊಗಸಾದ ಗೆರೆ ಮೂಡುತ್ತದೆ. ವಯಸ್ಸಾದವರ ಗುಂಪಿನಲ್ಲಿ ಇದು ಇನ್ನೂ ಜೋರು.

ಆದ್ದರಿಂದ ಹರಿವಿಗೆ ಪಾರ್ಷಿಯಲ್ ವಾಲ್ಯೂಮ್ ತಿದ್ದುಪಡಿ (ವಾಕ್ಸೆಲ್‌ನಲ್ಲಿ ಬೆರೆತ ಅಂಗಾಂಶಗಳನ್ನು ಲೆಕ್ಕದಲ್ಲಿ ಬೇರ್ಪಡಿಸುವುದು) ಮಾಡಿ, ಡಿಫ್ಯೂಷನ್‌ನಲ್ಲಿ ಸಿಎಸ್‌ಎಫ್ ಪಾಲನ್ನು ತೆಗೆದುಹಾಕಿ. ಫ್ರೀಸರ್ಫರ್ ತಂತ್ರಾಂಶದಿಂದ ಕಾರ್ಟೆಕ್ಸ್ ಮೇಲ್ಮೈ ಪಡೆದು ನಡುಪದರದಿಂದಲೇ ಮೌಲ್ಯ ತೆಗೆಯಿರಿ. ಪ್ರತಿ ಪ್ರದೇಶದ ಬೂದು ದ್ರವ್ಯದ ಪಾಲು ಮತ್ತು ದಪ್ಪವನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಎರಡೂ ನಕ್ಷೆಗಳಿಗೆ ಒಂದೇ ಪ್ರಮಾಣದ ಮಸುಕು ಇರಲಿ. ತಿದ್ದುಪಡಿಗೆ ಮುನ್ನ ಮತ್ತು ನಂತರದ ನಂಟು ಎರಡನ್ನೂ ತೋರಿಸಿ. ತಿದ್ದಿದ ಮೇಲೆ ನಂಟು ಕರಗಿಹೋದರೆ ಅದೇ ನಿಮ್ಮ ಫಲಿತಾಂಶ.

ಕಿರುಮೆದುಳನ್ನು ಕಾರ್ಟೆಕ್ಸ್ ಜೊತೆ ಬೆರೆಸಬೇಡಿ. ಮೆದುಳಿನ 86 ಶತಕೋಟಿ ನರಕೋಶಗಳಲ್ಲಿ 69 ಶತಕೋಟಿ ಅಲ್ಲೇ ಇವೆ, ತೂಕ ಮಾತ್ರ ಹತ್ತನೇ ಒಂದು ಭಾಗ. ಅಲ್ಲಿನ ಗ್ರಾನ್ಯೂಲ್ ಕೋಶಗಳು ಎಷ್ಟು ಸಣ್ಣವೆಂದರೆ ಈ ವಿಧಾನದ ಕಣ್ಣಿಗೆ ಗೋಳವಾಗಿ ಬೀಳುವುದೇ ಅನುಮಾನ. ಕೋಶಕಾಯದ ಪಾಲು ಏರಿದ ಕಡೆ ಶಕ್ತಿ ಹೆಚ್ಚು ಎಂದು ಕಂಡರೂ ಕೋಶಕಾಯವೇ ಅದನ್ನು ಉರಿಸುತ್ತಿದೆ ಎಂದು ಬರೆಯುವಂತಿಲ್ಲ. ಬೂದು ದ್ರವ್ಯದ ಖರ್ಚಿನಲ್ಲಿ ದೊಡ್ಡ ಪಾಲು ಸಂಕೇತ ಸಾಗಿಸುವುದಕ್ಕೆ, ಅದರಲ್ಲೂ ಸಿನಾಪ್ಸ್‌ಗಳ (ನರಕೋಶಗಳು ಕೂಡುವ ಸಂಧಿಗಳು) ಕೆಲಸಕ್ಕೆ ಹೋಗುತ್ತದೆ. ಸಿನಾಪ್ಸ್ ಯಾವ ಡಿಫ್ಯೂಷನ್ ನಕ್ಷೆಯಲ್ಲೂ ಕಾಣುವುದಿಲ್ಲ.

ಹಂತ 7: ನಂಟನ್ನು ಒರೆಗೆ ಹಚ್ಚುವುದು

ಅಕ್ಕಪಕ್ಕದ ಪ್ರದೇಶಗಳು ಒಂದನ್ನೊಂದು ಹೋಲುವುದರಿಂದ ಕಾರ್ಟೆಕ್ಸನ್ನು 360 ಪ್ರದೇಶಗಳಾಗಿ ಹಂಚಿದರೆ ಅವು 360 ಸ್ವತಂತ್ರ ಮಾಪನಗಳಾಗುವುದಿಲ್ಲ. ಸಾಮಾನ್ಯ ಪಿ-ಮೌಲ್ಯ ಇಲ್ಲಿ ಸುಳ್ಳು ಹೇಳುತ್ತದೆ. ಒಂದು ನಕ್ಷೆಯನ್ನು ಗೋಳದ ಮೇಲೆ ಸಾವಿರಾರು ಬಾರಿ ಯಾದೃಚ್ಛಿಕವಾಗಿ ತಿರುಗಿಸಿ ಹೋಲಿಸುವ ಸ್ಪಿನ್ ಪರೀಕ್ಷೆ ಬಳಸಿ. ವ್ಯಕ್ತಿಯೊಳಗಿನ ನಂಟು ಮತ್ತು ವ್ಯಕ್ತಿಗಳ ನಡುವಿನ ನಂಟನ್ನು ಮಿಶ್ರ ಮಾದರಿಯಲ್ಲಿ ಬೇರ್ಪಡಿಸಿ. ಒಂದರ ಚಿಹ್ನೆ ಇನ್ನೊಂದರದ್ದಕ್ಕೆ ವಿರುದ್ಧ ಬರಲೂಬಹುದು. ವ್ಯಕ್ತಿಗಳ ನಡುವೆ ಹೋಲಿಸುವಾಗ ಲಿಂಗ, ವಯಸ್ಸು, ಹೆಮಾಟೊಕ್ರಿಟ್ ಸೇರಿಸಿ. ಮಹಿಳೆಯರ ಹರಿವು ಹೆಚ್ಚಿರುವುದಕ್ಕೆ ಅವರ ಕಡಿಮೆ ಹೆಮಾಟೊಕ್ರಿಟ್ ಒಂದು ಕಾರಣ.

ಜನ ಸಾಮಾನ್ಯವಾಗಿ ಮಾಡದ, ಆದರೆ ಮಾಡಲೇಬೇಕಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು, ಶಕ್ತಿಗೆ ಸಂಬಂಧವೇ ಇಲ್ಲದ ನಕ್ಷೆಯೊಂದನ್ನು, ಉದಾಹರಣೆಗೆ ಸಂಕೇತ-ಗದ್ದಲದ ಅನುಪಾತವನ್ನು, ಕೋಶಕಾಯದ ಜಾಗದಲ್ಲಿಟ್ಟು ಅದೇ ಲೆಕ್ಕ ಮಾಡುವುದು. ಅದೂ ಅಷ್ಟೇ ಚೆನ್ನಾಗಿ ಹೊಂದಿದರೆ ನಿಮ್ಮ ಕೈಲಿರುವುದು ಸಂಕೇತ ಹಿಡಿಯುವ ಕಾಯಿಲ್‌ನ ನಕ್ಷೆ. ಎರಡನೆಯದು, ಒಬ್ಬರ ರಚನೆಯ ನಕ್ಷೆಯನ್ನು ಇನ್ನೊಬ್ಬರ ಸಿಎಂಆರ್‌ಒ2 ಜೊತೆ ಹೋಲಿಸುವುದು. 20 ಜನರಿದ್ದರೆ 20 × 20ರ ಚೌಕ ಕಟ್ಟಿ. ಕರ್ಣದ ಮೇಲಿನ, ಅಂದರೆ ಅವರವರದೇ ಜೋಡಿಗಳ ನಂಟು ಉಳಿದವುಗಳಿಗಿಂತ ಹೆಚ್ಚಿರದಿದ್ದರೆ, ಎಲ್ಲ ಮೆದುಳುಗಳಿಗೂ ಸಮಾನವಾದ ಭೂಪಟವೊಂದು ಸಿಕ್ಕಿದೆ ಅಷ್ಟೆ. ಅದೂ ಪ್ರಕಟಿಸಲು ಯೋಗ್ಯವೇ. ಆದರೆ ವ್ಯಕ್ತಿಯೊಬ್ಬರ ಸ್ಕ್ಯಾನ್ ನೋಡಿ ಅವರ ಮೆದುಳಿನ ಖರ್ಚು ಹೇಳಬಹುದು ಎನ್ನಲು ಅದು ಆಧಾರವಾಗದು.

ಕೆರೋಟಿಡ್ ಅಪಧಮನಿ ಕಿರಿದಾದವರು, ಪಾರ್ಶ್ವವಾಯು ಆದವರು ಈ ಪ್ರೊಟೊಕಾಲ್‌ಗೆ ಹೊಂದುವುದಿಲ್ಲ. ಅವರಲ್ಲಿ ರಕ್ತ ತಡವಾಗಿ ತಲುಪುತ್ತದೆ, ಹೀರಿಕೆಯ ಪಾಲು ಎಡಬಲಗಳಲ್ಲಿ ಬೇರೆ ಬೇರೆಯಾಗಿರುತ್ತದೆ, ಟ್ರಸ್ಟ್‌ನ ಒಂದೇ ಸಂಖ್ಯೆ ಎರಡು ಬದಿಗೂ ಸಲ್ಲುವುದಿಲ್ಲ. ಅಂಥವರಿಗೆ ಹಲವು ಕಾಯುವ ಅವಧಿಗಳ ಎಎಸ್‌ಎಲ್ ಮತ್ತು ಪ್ರದೇಶವಾರು ಹೀರಿಕೆ ಅಳೆಯುವ ವಿಧಾನ ಬೇಕು. ಅವರ ಡೇಟಾವನ್ನು ಆರೋಗ್ಯವಂತರ ಪಟ್ಟಿಗೆ ಸೇರಿಸದೆ ಬೇರೆಯಾಗಿಯೇ ವಿಶ್ಲೇಷಿಸಿ.